ಮಂಗನ ಕಾಯಿಲೆ: ವರ್ಷದ ಕೆಲಸ ಸುಧಾರಿಸಿದೆಯೋ ಇಲ್ಲವೋ ತಿಳಿಯೋದು ಹೇಗೆ?

ಬೆಟ್ಟದಂಚು (ಪ್ರಶ್ನೆ)
ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಸೀಸನ್ ಮುಗಿದ ಮೇಲೆ ಪಂಚಾಯಿತಿ ಮಟ್ಟದಲ್ಲಿ ವರ್ಷದ ಕೆಲಸದ ಪರಿಶೀಲನೆ ಇದೆ. ವರದಿಯಲ್ಲಿ ಇರೋದು ಎರಡೇ ಸಂಖ್ಯೆ: ಎಷ್ಟು ಜನ ಪಾಸಿಟಿವ್, ಎಷ್ಟು ಬಾಟಲಿ ಡೆಪಾ ತೈಲ (ಉಣುಗು ಹತ್ತದಂತೆ ಮೈಗೆ ಹಚ್ಚೋದು) ಹಂಚಿದ್ದು. ಹೋದ ವರ್ಷಕ್ಕಿಂತ ಕೇಸು ಕಡಿಮೆ ಆದರೆ ಕೆಲಸ ಚೆನ್ನಾಗಿ ಆಗಿದೆ ಅಂತ ಒಪ್ಪಬಹುದಾ? ಲಸಿಕೆಯೂ ಇಲ್ಲದಿರುವಾಗ ಇನ್ನೇನು ಕೇಳಬೇಕು?

ಉಣುಗು ಸರ್ವೆ
ಕೇಸಿನ ಸಂಖ್ಯೆ ಒಂದನ್ನೇ ನಂಬಬೇಡಿ. ಒಂದು ಕಡೆ ತಗ್ಗಿ ಇನ್ನೊಂದು ಕಡೆ ಏಳೋದು ಈ ಕಾಯಿಲೆಯ ಗುಣ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವ ತೆಗೆಯಿತು. ಮೇಲಾಗಿ ಜ್ವರದವರ ರಕ್ತ ಕಡಿಮೆ ತೆಗೆದರೆ ಕೇಸೂ ಕಡಿಮೆಯೇ. ಎಷ್ಟು ಜನರ ಪರೀಕ್ಷೆ ಆಯಿತು ಅಂತ ಮೊದಲು ಕೇಳಿ.

ಆಮೇಲೆ ಮಂಗನ ಸಾವಿನ ರಿಜಿಸ್ಟರ್ ತರಿಸಿ, ತಾರೀಖು ನೋಡಿ. ಕಂಡಿದ್ದು ಯಾವತ್ತು, ತಿಳಿಸಿದ್ದು ಯಾವತ್ತು, ಮರಣೋತ್ತರ ಪರೀಕ್ಷೆ, ಸುಟ್ಟಿದ್ದು, ಉಣುಗು ಕೊಲ್ಲುವ ಪುಡಿ ಹಾಕಿದ್ದು ಯಾವತ್ತು. ವರ್ಷದ ಕೆಲಸ ಕಾಣೋದು ಈ ನಡುವಿನ ದಿನಗಳಲ್ಲಿ. ಮುಸಿಯ (ಕಪ್ಪು ಮುಖದ, ಉದ್ದ ಬಾಲದ ಕೋತಿ) ಆಗಲಿ ಮಂಗ ಆಗಲಿ ಸತ್ತು ಮೈ ತಣ್ಣಗಾದರೆ ಅದರ ಮೈಮೇಲಿನ ಉಣುಗು ಇಳಿದು ಸುತ್ತಲ ತರಗಿಗೆ ಸೇರುತ್ತವೆ. ಅದಕ್ಕೇ ಹೆಣದ ಸುತ್ತ 50 ಮೀಟರ್‌ವರೆಗೆ ಶೇ 5ರ ಮೆಲಾಥಿಯಾನ್ ಪುಡಿ ಉದುರಿಸೋದು, ಅಲ್ಲಿ ಜನ, ದನ ಓಡಾಡದಂತೆ ತಡೆಯೋದು. ನಾಲ್ಕು ದಿನ ಬಿಟ್ಟು ಹಾಕಿದ ಪುಡಿ ಲೆಕ್ಕಕ್ಕೆ ಮಾತ್ರ. ಸಾವಿನ ಜಾಗ ಬಿಟ್ಟು ಊರ ರಸ್ತೆಗೆಲ್ಲ ಹೊಡೆದರೂ ಅಷ್ಟೇ.

ಹೆಣ ಕೊಳೆತಿದ್ದರೆ ಅಂಗಾಂಶದಲ್ಲಿ ವೈರಸ್ ಸಿಗದೆ ಹೋಗಬಹುದು. ಅದನ್ನು ‘ನೆಗೆಟಿವ್’ ಅಂತ ಬರೆದುಬಿಟ್ಟರೆ ಊರಿಗೆ ಸುಳ್ಳು ಧೈರ್ಯ. ‘ಪರೀಕ್ಷೆಗೆ ಯೋಗ್ಯವಲ್ಲ’ ಅಂತ ಬೇರೆ ಕಾಲಂ ಇರಲೇಬೇಕು.

ಉಣುಗಿನ ಸರ್ವೆ ನವೆಂಬರಿನಲ್ಲೇ ಶುರುವಾಯಿತಾ ಅದನ್ನೂ ಕೇಳಿ. ಬಿಳಿ ಫ್ಲಾನೆಲ್ ಬಟ್ಟೆಯನ್ನು ತರಗಿನ ಮೇಲೆ ನಿಧಾನವಾಗಿ ಎಳೆದರೆ ಎಳ್ಳಿನಷ್ಟೇ ಇರುವ ಮರಿ ಉಣುಗು ಅಂಟಿಕೊಳ್ಳುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಾಯಿಲೆ ಅಂಟಿಸೋದು ಇವೇ. ಜನವರಿಯಲ್ಲಿ ಶುರು ಮಾಡಿದ ಸರ್ವೆಯಿಂದ ಮುನ್ನೆಚ್ಚರಿಕೆ ಹುಟ್ಟುವುದಿಲ್ಲ.

ಲ್ಯಾಬ್ ಬೆಂಚು
ಮೇಲಿನದಕ್ಕೆ ಪೂರ್ತಿ ಸಹಮತ. ಮನುಷ್ಯರ ಕಡೆಯೂ ಮೂರು ತಾರೀಖು ಮುಖ್ಯ: ಜ್ವರ ಶುರುವಾದದ್ದು, ರಕ್ತ ತೆಗೆದದ್ದು, ಫಲಿತಾಂಶ ಕೈಗೆ ಬಂದದ್ದು. ಫಾರಂನಲ್ಲಿ ಮೊದಲನೇ ತಾರೀಖೇ ಖಾಲಿ ಇರುತ್ತೆ, ತೊಂದರೆ ಶುರುವಾಗೋದು ಅಲ್ಲಿಂದ. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ದಿನ ಕಳೆದ ಮೇಲೆ ಅದರ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ದಿನ ಗೊತ್ತಿಲ್ಲದೆ ಒಂದೇ ಪರೀಕ್ಷೆ ಮಾಡಿದರೆ ಇರುವ ಕಾಯಿಲೆ ತಪ್ಪಿಹೋಗುತ್ತೆ. ಮಾದರಿ ಮೂರು ಪದರದ ಪ್ಯಾಕಿಂಗ್‌ನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಶಿವಮೊಗ್ಗದ ಲ್ಯಾಬ್ ಮುಟ್ಟಬೇಕು. ಶನಿವಾರ ತೆಗೆದ ರಕ್ತ ಸೋಮವಾರದ ಗಾಡಿಗೆ ಕಾಯುವ ವ್ಯವಸ್ಥೆ ಇದ್ದರೆ ಆ ವಿಷಯ ಸಭೆಯಲ್ಲಿ ಎತ್ತಿ.

ಊರಿನ ಕ್ಲಿನಿಕ್‌ಗಳಿಗೆ ಸೂಚನೆ ಹೋಗಿದೆಯಾ ವಿಚಾರಿಸಿ. ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚೋ ರೂಢಿ ಇದೆ. ಬಿಳಿರಕ್ತಕಣ, ಪ್ಲೇಟ್‌ಲೆಟ್ ಇಳಿದಿರುವ ರೋಗಿಗೆ ಅದೂ ಬೇಡ, ಆಸ್ಪಿರಿನ್, ಐಬುಪ್ರೊಫೆನ್ ಕೂಡ ಬೇಡ. ಪ್ಯಾರಾಸಿಟಮಾಲ್ ಸಾಕು, ಜೊತೆಗೆ ನೀರಿನಂಶ, ಪ್ಲೇಟ್‌ಲೆಟ್ ಎಣಿಕೆ. ಜ್ವರ ಬಿಟ್ಟು ಒಂದೆರಡು ವಾರದಲ್ಲಿ ಮತ್ತೆ ಬಂದು, ತಲೆನೋವು, ಕೈ ನಡುಕ, ಕುತ್ತಿಗೆ ಬಿಗಿತ ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ‘ಗುಣವಾಗಿ ಮನೆಗೆ’ ಅಂತ ಬರೆದವರನ್ನು ಆಶಾ ಕಾರ್ಯಕರ್ತೆ ಎರಡು ವಾರ ವಿಚಾರಿಸಿಕೊಂಡಿದ್ದಾರಾ ನೋಡಿ.

ದರಕಿನ ಕಾಲ
ಡೆಪಾ ಬಗ್ಗೆ. ಹಂಚಿದ್ದೆಲ್ಲ ಬಳಕೆ ಆಗಿದೆ ಅಂತ ತಿಳಿಯೋದು ಬೇಡ. ಡೆಪಾಕ್ಕೂ ಹಿಂದೆ ಇದೇ ಕೆಲಸಕ್ಕೆ ಕೊಡುತ್ತಿದ್ದ ಡಿಎಂಪಿ ಎಣ್ಣೆಯ ಜಿಡ್ಡು, ವಾಸನೆಗೆ ಬೇಸತ್ತು ಎಷ್ಟೋ ಮನೆಯಲ್ಲಿ ಬಾಟಲಿ ಮಾಡಿನಲ್ಲೇ ಉಳಿದಿತ್ತು. ಈಗಲೂ ಎರಡನೇ ಬಾಟಲಿ ಕೇಳಿ ಬಂದ ಮನೆ ಎಷ್ಟು ಅಂತ ಎಣಿಸಿ, ನಿಜವಾದ ಬಳಕೆ ಗೊತ್ತಾಗುತ್ತೆ. ತೈಲ ಕೈಗೆ ಸಿಗಬೇಕಾದದ್ದು ಸೊಪ್ಪಿನಬೆಟ್ಟದಲ್ಲಿ (ಸೊಪ್ಪು ತರುವ ಕಾಡಿನಲ್ಲಿ) ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸೋಕೆ ಮುಂಚೆ. ಮಾರ್ಚಿಗೆ ಬಂದರೆ ಅರ್ಧ ದರಕು ಕೊಟ್ಟಿಗೆ ಸೇರಿಯಾಗಿರುತ್ತೆ. ಪಾದ, ಮೀನಖಂಡ, ಮಂಡಿ ಹಿಂದೆ, ಕೈ, ಕುತ್ತಿಗೆಗೆ ಹಚ್ಚಬೇಕು, ಕಣ್ಣು ಬಾಯಿಗೆ ತಾಗಬಾರದು. ಬೆವರಿಗೆ ತೊಳೆದು ಹೋಗುತ್ತೆ, ಮಧ್ಯಾಹ್ನ ಮತ್ತೆ ಹಚ್ಚದಿದ್ದರೆ ಪ್ರಯೋಜನವಿಲ್ಲ. ಮನೆಗೆ ಬಂದು ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು.

ದನಗಳನ್ನು ಮರೆಯಬೇಡಿ. ದೊಡ್ಡ ಉಣುಗು ಮಳೆಗಾಲದಲ್ಲಿ ದನದ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತವೆ. ಪಶುವೈದ್ಯರು ದನದ ಬೆನ್ನ ಮೇಲೆ ಸುರಿಯುವ, ಉಣುಗು ಕೊಲ್ಲುವ ಔಷಧಿ ಫ್ಲುಮೆಥ್ರಿನ್ ಜೂನ್‌ನಿಂದಲೇ ಬೇಕಾಗೋದು ಇದಕ್ಕೆ. ಆರೋಗ್ಯ ಇಲಾಖೆಯ ವರದಿಯಲ್ಲಿ ಈ ಭಾಗ ಸಾಮಾನ್ಯವಾಗಿ ಇರಲ್ಲ.

ಹಳೇ ಲಸಿಕೆ ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಶೇ 83 ರಕ್ಷಣೆ ಕೊಡುತ್ತಿತ್ತು ಅಂತ ಅಧ್ಯಯನ ಇತ್ತು, ಆದರೆ ಪ್ರತಿ ವರ್ಷ ಬೂಸ್ಟರ್ ಬೇಕಿತ್ತು. ಈಗ ಅದು ನಿಂತಿದೆ. ಯಾವಾಗಲೋ ಹಾಕಿಸಿಕೊಂಡಿದ್ದೇವೆ ಅನ್ನೋ ಧೈರ್ಯದಲ್ಲಿ ತೈಲ ಹಚ್ಚದವರಿಗೆ ಇದನ್ನು ಬಿಡಿಸಿ ಹೇಳಬೇಕು.

ಬೆಟ್ಟದಂಚು
ಉಪಕಾರ. ಹೆಣ ಕಂಡವರು ಅರಣ್ಯ ಇಲಾಖೆಗೆ ಹೇಳಬೇಕೋ, ಆಸ್ಪತ್ರೆಗೋ? ಒಬ್ಬರು ಇನ್ನೊಬ್ಬರ ಕಡೆ ತೋರಿಸುತ್ತಾರೆ.

ಉಣುಗು ಸರ್ವೆ
ಮೊದಲ ಫೋನು ಆಶಾ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅರಣ್ಯ, ಪಶುಪಾಲನೆ, ಪಂಚಾಯಿತಿಗೆ ದಾಟಿಸುವ ಹೊಣೆ ವೈದ್ಯಾಧಿಕಾರಿಯದು ಅಂತ ಸಭೆಯ ನಡಾವಳಿಯಲ್ಲೇ ಬರೆಸಿ. ಕಂಡವರು ಮುಟ್ಟಬಾರದು, ಹೂಳಬಾರದು, ದೂರದಿಂದ ಫೋಟೊ ತೆಗೆದು ಹತ್ತಿರದ ಗುರುತು, ಹೊತ್ತು ಹೇಳಿದರೆ ಸಾಕು. ಸುಡೋಕೆ ಸೌದೆ, ಡೀಸೆಲ್ ಯಾರ ಖರ್ಚು ಅನ್ನೋ ಪ್ರಶ್ನೆಯಲ್ಲೇ ಒಂದು ದಿನ ಹೋಗಿಬಿಡುತ್ತೆ. ಪಿಪಿಇ ಕಿಟ್, ಮೆಲಾಥಿಯಾನ್ ಮೂಟೆ, ಸೌದೆಯ ದುಡ್ಡು ಈ ಮೂರೂ ನವೆಂಬರ್ 1ಕ್ಕೆ ಪಂಚಾಯಿತಿಯಲ್ಲಿ ಇರಬೇಕು ಅಂತ ಬರೆಸಿಕೊಳ್ಳಿ, ಆ ದಿನ ಹೋಗಿ ಕಣ್ಣಾರೆ ನೋಡಿ ಬನ್ನಿ.