ಹಳೆ ಜೀನ್ಸ್, ಶರ್ಟ್ ಬಿಚ್ಚಿ ಜಾಕೆಟ್: ಮುಂಭಾಗ ಯಾಕೆ ತಿರುಚಿಕೊಳ್ಳುತ್ತದೆ?
(ನೂಲೆಳೆ, ಹಾಸುಹೊಕ್ಕು, ಟಾಂಕಾ: ಚರ್ಚಿಸುತ್ತಿರುವ ಮೂವರ ಅಡ್ಡಹೆಸರುಗಳು)

ನೂಲೆಳೆ:
ಫ್ಯಾಷನ್ ಡಿಸೈನ್ ಪ್ರಾಜೆಕ್ಟ್‌ಗೆ ಎರಡು ಹಳೆ ಜೀನ್ಸ್, ಒಂದು ಕಾಟನ್ ಶರ್ಟ್ ಬಿಚ್ಚಿ ಗಿಡ್ಡ ಜಾಕೆಟ್ ಹೊಲಿಯುತ್ತಿದ್ದೇನೆ. ಮುಂಭಾಗದ ತುಂಡುಗಳು ಪ್ಯಾಂಟಿನ ಕಾಲಿನಿಂದ, ಯೋಕ್ (ಹೆಗಲ ಭಾಗದ ತುಂಡು) ಶರ್ಟಿನ ಬೆನ್ನಿನಿಂದ. ಸ್ಯಾಂಪಲ್‌ನಲ್ಲಿ ಮೂರು ತೊಂದರೆ. ಬಲ ಮುಂಭಾಗ ಕೆಳಗೆ ಬರುತ್ತಾ ಪಕ್ಕಕ್ಕೆ ತಿರುಗುತ್ತದೆ. ಯೋಕ್ ಸೇರುವಲ್ಲಿ ಶರ್ಟ್ ಬಟ್ಟೆ ಸುಕ್ಕುಗಟ್ಟುತ್ತದೆ. ಹಿಂಜೇಬು ಬಿಚ್ಚಿದ ಜಾಗ ಎರಡು ಸಲ ಒಗೆದರೂ ಕಡುನೀಲಿಯಾಗಿಯೇ ಇದೆ. ಪ್ಯಾಟರ್ನ್ (ಕತ್ತರಿಸಲು ಬಳಸುವ ಕಾಗದದ ಮಾದರಿ) ಇಟ್ಟಿದ್ದು ಕಾಲಿನ ಒಳಹೊಲಿಗೆಯ ನೇರಕ್ಕೆ. ಎರಡನೇ ಪ್ಯಾಂಟ್ ಇನ್ನೂ ಕತ್ತರಿಸಿಲ್ಲ.

ಹಾಸುಹೊಕ್ಕು:
ಕಾರಣ ಒಳಹೊಲಿಗೆಯಲ್ಲೇ ಇದೆ. ಕಾಲು ಕೆಳಗೆ ಕಿರಿದಾಗುವುದರಿಂದ ಆ ಅಂಚನ್ನು ಓರೆಯಾಗಿಯೇ ಕತ್ತರಿಸಿರುತ್ತಾರೆ, ಅದು ಗ್ರೇನ್ (ಬಟ್ಟೆಯ ಉದ್ದದ ಎಳೆಗಳ ದಿಕ್ಕು) ಅಲ್ಲ. ಡೆನಿಮ್‌ನಲ್ಲಿ ಗ್ರೇನ್ ಹುಡುಕುವುದು ಸುಲಭ: ಕಾಲಿನ ತುದಿಯ ಮಡಿಕೆ ಬಿಚ್ಚಿ ಒಂದು ಸೆಂ.ಮೀ. ಎಳೆ ಬಿಡಿಸಿ. ನೀಲಿ ಎಳೆ ಹಾಸು (ಉದ್ದದ್ದು), ಬಿಳಿ ಎಳೆ ಹೊಕ್ಕು (ಅಡ್ಡದ್ದು). ಒಂದು ನೀಲಿ ಎಳೆಯನ್ನು ಹಿಡಿದು ನಿಧಾನವಾಗಿ ಎಳೆದರೆ ಬಟ್ಟೆಯಲ್ಲಿ ಸಣ್ಣ ಗೆರೆ ಮೂಡುತ್ತದೆ. ಅದರ ಮೇಲೆ ಸ್ಕೇಲ್ ಇಟ್ಟು ಚಾಕ್‌ನಲ್ಲಿ ಉದ್ದಕ್ಕೂ ಗೀಟು ಹಾಕಿ, ಪ್ಯಾಟರ್ನಿನ ಗ್ರೇನ್ ಲೈನ್ ಅದಕ್ಕೆ ಹೊಂದಿಸಿ.

ಬಲಗಡೆ ಮಾತ್ರ ತಿರುಗುವುದಕ್ಕೆ ಡೆನಿಮ್‌ನ ಟ್ವಿಲ್ ನೇಯ್ಗೆ (ಓರೆ ಗೆರೆ ಕಾಣುವ ನೇಯ್ಗೆ) ಕಾರಣವಿರಬೇಕು. ಅದರ ವಾಲು ಸಾಮಾನ್ಯವಾಗಿ ಒಂದೇ ದಿಕ್ಕಿಗೆ, ನಿಮ್ಮ ಓರೆ ಕಟಿಂಗ್ ಒಂದು ಕಡೆ ಅದಕ್ಕೆ ಕೂಡಿಕೊಂಡಿದೆ, ಇನ್ನೊಂದು ಕಡೆ ಅದನ್ನು ತಗ್ಗಿಸಿದೆ.

ಎರಡನೇ ಪ್ಯಾಂಟನ್ನು ಪೂರ್ತಿ ಬಿಚ್ಚಿ, ಒಗೆದು, ಇಸ್ತ್ರಿಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಿದ ಮೇಲೆ ಕತ್ತರಿಸಿ. ಮೊಣಕಾಲಿನ ಜಾಗ ಉಬ್ಬಿರುತ್ತದೆ, ಅದು ಎದೆಯ ಮೇಲೆ ಬರದಿರಲಿ.

ಟಾಂಕಾ:
ಸುಕ್ಕಿನ ವಿಷಯ. ಮೆಷಿನ್ನಿನ ಹಲ್ಲು ಕೆಳಗಿನ ಪದರವನ್ನು ಎಳೆದುಕೊಳ್ಳುತ್ತದೆ, ಪ್ರೆಸರ್ ಫೂಟ್ (ಬಟ್ಟೆಯನ್ನು ಒತ್ತಿಹಿಡಿಯುವ ಪಾದ) ಮೇಲಿನದನ್ನು ಮುಂದಕ್ಕೆ ತಳ್ಳುತ್ತದೆ. ತೆಳು ಬಟ್ಟೆ ಮೇಲಿದ್ದರೆ ಕೊನೆಯಲ್ಲಿ ಹೆಚ್ಚಾಗಿ ಉಳಿಯುತ್ತದೆ. ಶರ್ಟ್ ತುಂಡಿನ ಅಂಚಿಗೆ 2.5 ಸೆಂ.ಮೀ. ಅಗಲದ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸಿ ಅದನ್ನು ಕೆಳಗಿಡಿ, ಡೆನಿಮ್ ಮೇಲಿರಲಿ. 3 ಸೆಂ.ಮೀ.ಗೊಂದು ಪಿನ್, 14ನೇ ನಂಬರ್ ಸೂಜಿ, 3 ಮಿ.ಮೀ. ಟಾಂಕಾ. ಫ್ಯೂಸಿಂಗ್ ಒಂದನ್ನಂತೂ ಬಿಡಬೇಡಿ, ಹಳೆ ಶರ್ಟ್ ಬಟ್ಟೆ ಸವೆದಿರುತ್ತದೆ, ಡೆನಿಮ್ ಭಾರಕ್ಕೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ.

ಜೇಬಿನ ಗುರುತು ಒಗೆದರೆ ಹೋಗುವುದಿಲ್ಲ. ಅದು ಕಲೆಯಲ್ಲ, ಆ ಬಟ್ಟೆಯ ಮೂಲ ಬಣ್ಣ. ಸುತ್ತಲಿನದು ಮಾಸಿದೆ ಅಷ್ಟೆ. ಮುಚ್ಚಬೇಡಿ ಅನ್ನುವುದೇ ನನ್ನ ಅಭಿಪ್ರಾಯ: ಎರಡೂ ಗುರುತುಗಳನ್ನು ಬೆನ್ನಿನ ಮಧ್ಯರೇಖೆಯಿಂದ ಸಮದೂರದಲ್ಲಿಟ್ಟರೆ ಜಾಕೆಟ್ಟಿನ ಅಂದವೇ ಅದು. ಒಲ್ಲೆ ಎಂದರೆ ಬಟ್ಟೆಯ ಒಳಮೈಯನ್ನು ಹೊರಗೆ ಮಾಡಿ.

ನೂಲೆಳೆ:
ಎಳೆ ಎಳೆದು ನೋಡಿದೆ, ಹೊಲಿಗೆಗೂ ಗ್ರೇನ್‌ಗೂ ಸಾಕಷ್ಟು ಓರೆ ಇದೆ. ಆದರೆ ಹೊಂದಿಸಿದರೆ ಕೆಳಗಡೆ ಅಗಲ 3 ಸೆಂ.ಮೀ. ಸಾಲುವುದಿಲ್ಲ.

ಹಾಸುಹೊಕ್ಕು:
ಬಟನ್ ಪಟ್ಟಿಯ ಕಡೆ ಜೋಡಣೆ ಬೇಡ, ದಪ್ಪವಾಗಿ ನೇರ ನಿಲ್ಲುವುದಿಲ್ಲ. ಪಕ್ಕದ ಹೊಲಿಗೆಯಲ್ಲಿ ಕಂಕುಳಿಂದ ಅಂಚಿನವರೆಗೆ ಒಂದು ಪಟ್ಟಿ ಕೂಡಿಸಿ: ಮುಗಿದ ಅಗಲ 4 ಸೆಂ.ಮೀ., ಎರಡೂ ಕಡೆ 1.5 ಸೆಂ.ಮೀ. ಮಾರ್ಜಿನ್ (ಹೊಲಿಗೆಗೆ ಬಿಡುವ ಅಂಚು), ಅಂದರೆ ಕಟಿಂಗ್ 7 ಸೆಂ.ಮೀ. ಎಡಕ್ಕೂ ಬಲಕ್ಕೂ ಹಾಕಿ, ಹೆಚ್ಚಾಗಿದ್ದನ್ನು ಟ್ರಯಲ್‌ನಲ್ಲಿ ಹಿಡಿಯಿರಿ. ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ನೋಡಿ, ಕತ್ತರಿಸದೆ ಉಳಿದಿರುವುದು ಒಂದೇ ಪ್ಯಾಂಟ್.