‘ಫೈಲ್ ತೆಗೀರಿ’ ಅಂದ್ರೆ ಓಪನ್ನೋ, ಡಿಲೀಟೋ?

ಎಲ್ಲರಿಗೂ ನಮಸ್ಕಾರ. ‘ತೆಗೆ’ ಕ್ರಿಯಾಪದದ ಬಗ್ಗೆ ಕೇಳಬೇಕಿತ್ತು. ಕಂಪ್ಯೂಟರ್ ಮುಂದೆ ಕೂತಾಗ ಇದು ಕೆಲಸವನ್ನೇ ಕೆಡಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಾವೇರಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮೊನ್ನೆ ನೋಡಿದ್ದು. ಹಿರಿಯರೊಬ್ಬರು ಲಗ್ನಪತ್ರಿಕೆಯನ್ನು ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ‘ಎರಡು ಅದಾವಲ್ರಿ ಕಾಕಾ, ಏನ್ ಮಾಡ್ಲಿ?’ ಅಂದ ಅಂಗಡಿ ಹುಡುಗ. ‘ಕೆಳಗಿಂದು ತಗೀಪಾ’ ಅಂದರು ಇವರು. ಒಂದು ಹೆಚ್ಚಿಗೆ ಇದೆ ಅಂದುಕೊಂಡ ಹುಡುಗ ಡಿಲೀಟ್ ಹೊಡೆದ, ಖಾತ್ರಿನಾ ಅಂತ ಕೇಳಿದ ಪೆಟ್ಟಿಗೆಗೂ ಎಂಟರ್ ಒತ್ತಿದ. ತಿದ್ದಿದ ಪತ್ರಿಕೆ ಅದೇ ಆಗಿತ್ತು. ವಿಂಡೋಸ್‌ನಲ್ಲಿ ಪೆನ್‌ಡ್ರೈವ್‌ನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಹುಡುಕಿ ಉಪಯೋಗ ಇರಲಿಲ್ಲ. ಆದರೆ ಅಳಿಸಿದ ಕೂಡಲೇ ಒಳಗಿನ ಮಾಹಿತಿ ಹೋಗಿಬಿಡುವುದಿಲ್ಲ. ಆ ಜಾಗದ ಮೇಲೆ ಬೇರೆ ಏನಾದರೂ ಬಂದು ಕೂತಾಗಲೇ ಹೋಗುವುದು. ಅಂಗಡಿ ಮಾಲೀಕರು ಪೆನ್‌ಡ್ರೈವ್‌ಗೆ ಹೊಸದೇನನ್ನೂ ಹಾಕದೆ, ರಿಕವರಿ ಸಾಫ್ಟ್‌ವೇರ್ ಹಚ್ಚಿ, ಫೈಲನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡರು. ಯಾರಿಗಾದರೂ ಹೀಗಾದರೆ ಅದನ್ನೇ ಮಾಡಿ, ಮೊದಲು ಕೈ ತಡೆಯಿರಿ.

ಈಗ ಪದಕ್ಕೆ ಬರೋಣ. ಬಾಗಿಲು ತೆಗೆ, ಕಣ್ಣು ತೆಗೆ ಅಂದರೆ ಬಿಚ್ಚುವುದು. ಮುಳ್ಳು ತೆಗೆ, ಕಸ ತೆಗೆ ಅಂದರೆ ಇಲ್ಲದಂತೆ ಮಾಡುವುದು. ಬ್ಯಾಂಕಿನಲ್ಲಿ ಖಾತೆ ತೆಗೆಯುತ್ತೇವೆ, ಅದೇ ಖಾತೆಯಿಂದ ರೊಕ್ಕ ತೆಗೆಯುತ್ತೇವೆ. ಫೋಟೋ ತೆಗೆಯುವುದು, ಪ್ರಿಂಟ್ ತೆಗೆಯುವುದು ಬೇರೆಯೇ, ಅಲ್ಲಿ ಇಲ್ಲದ್ದು ಹುಟ್ಟುತ್ತದೆ. ಜಗಳ ತೆಗೆಯುವುದೂ ಈ ಕಡೆಯದೇ ಇರಬೇಕು! ಇಷ್ಟೆಲ್ಲ ಇದ್ದರೂ ಯಾರೂ ತಡವರಿಸುವುದಿಲ್ಲ, ಯಾಕಂದ್ರೆ ಮುಳ್ಳಿಗೆ ಮುಚ್ಚಳ ಇಲ್ಲ, ಬಾಗಿಲನ್ನು ಯಾರೂ ಎತ್ತಿ ಬಿಸಾಡುವುದಿಲ್ಲ, ವಸ್ತುವೇ ಅರ್ಥ ಹೇಳಿಬಿಡುತ್ತದೆ. ಫೈಲ್ ಹಾಗಲ್ಲ. ಅದನ್ನು ಬಿಚ್ಚಲೂಬಹುದು, ಎತ್ತಿ ಹಾಕಲೂಬಹುದು. ‘ಪುಸ್ತಕ ತಗೀರಿ’ ಅಂತ ಮಾಸ್ತರು ಹೇಳಿದಾಗಲೂ ಚೀಲದಿಂದ ಹೊರಗೋ, ಪುಟ ಬಿಚ್ಚುವುದೋ ಅನ್ನುವುದು ತುಸು ಅಸ್ಪಷ್ಟವೇ, ಆದರೆ ಅಲ್ಲಿ ತಪ್ಪಾದರೆ ನಷ್ಟ ಏನಿಲ್ಲ.

ಫೋನಿನ ಕನ್ನಡದಲ್ಲಿ ‘ತೆರೆಯಿರಿ’, ‘ಅಳಿಸಿ’, ‘ತೆಗೆದುಹಾಕಿ’ ಇವೆ. ‘ಹಾಕಿ’ ಸೇರಿಸಿದ್ದು ಒಳ್ಳೆಯದಾಯಿತು, ಗೊಂದಲ ಅಲ್ಲೇ ಮುಗಿಯಿತು. ‘ಅಳಿಸಿ’ ಕೂಡ ಸರಿ, ಪಾಟಿ ಒರೆಸಿದವರಿಗೆಲ್ಲ ಗೊತ್ತು. ‘ತೆರೆಯಿರಿ’ ಮಾತ್ರ ಬರಹದಲ್ಲೇ ಉಳಿದಿದೆ. ಹುಬ್ಬಳ್ಳಿ-ಧಾರವಾಡದ ಡಿಟಿಪಿ ಅಂಗಡಿಗಳಲ್ಲಿ ‘ತೆರೆ’ ಅಂದವರನ್ನು ನಾನಂತೂ ಕೇಳಿಲ್ಲ. ಹರೆಯದವರು ‘ಓಪನ್ ಮಾಡ್ರಿ’ ಅಂತಾರೆ, ವಯಸ್ಸಾದವರು ‘ತಗೀರಿ’ ಅಂತಾರೆ. ದೂರದಿಂದ ಫೋನಿನಲ್ಲಿ ಹೇಳಿಕೊಡುವಾಗ ಇದೇ ತೊಡಕು. ಇಂಥ ಕಡೆ ಹಟ ಬಿಟ್ಟು ‘ಓಪನ್ ಮಾಡಿ’ ಅನ್ನುವುದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಜಿಪ್ ಮಾಡಿದ ಫೈಲಿಗಾದರೆ ‘ಬಿಚ್ಚಿ’ ಚೆನ್ನಾಗಿ ಹೊಂದುತ್ತದೆ, ದಫ್ತರದ ಗಂಟು ಬಿಚ್ಚಿದ ಹಾಗೆ.

ಬಲ್ಲವರಲ್ಲಿ ಕೇಳುವುದು ಇಷ್ಟು. ತೆರೆ ಅನ್ನುವುದು ಮೊದಲು ಬಂಡಿ ‘ಱ’ (ಈಗ ಬಳಕೆ ತಪ್ಪಿದ ಹಳೆಯ ಅಕ್ಷರ) ಇದ್ದ ‘ತೆಱೆ’, ತಮಿಳಿನ ‘ತಿಱ’ ಜೊತೆಗಿನದು. ‘ತೆಗೆ’ಗೆ ಮೂಲದಲ್ಲಿ ಎಳೆಯುವ, ಹೊರಗೆ ತರುವ ಅರ್ಥ. ಹಾಗಿದ್ದರೆ ಬಾಗಿಲು ಬಿಚ್ಚುವ ಅರ್ಥ ‘ತೆಗೆ’ಗೆ ಯಾವಾಗಿಂದ ಸೇರಿತು? ಹಳಗನ್ನಡದಲ್ಲಿ ‘ಕದಂ ತೆಗೆ’ ಅನ್ನುವಂಥ ಬಳಕೆ ಕಂಡವರಿದ್ದೀರಾ? ಇನ್ನು ಮೈಸೂರು, ಮಂಗಳೂರು ಕಡೆಯವರು ಫೈಲಿಗೆ ಬಾಯಿಮಾತಿನಲ್ಲಿ ಏನಂತೀರಿ, ಅದನ್ನೂ ತಿಳಿಸಿ.