ಸಹಿ ಹಾಕುವ ಮುಂಚೆ ರೂಮು ಎಣಿಸು

ಪುಟ್ಟಿ, ಬೆಳಿಗ್ಗೆ ನೀನು ಗ್ರೂಪಿನಲ್ಲಿ ಕೇಳಿದ್ದು ಈಗ ನೋಡಿದೆ. ನಿಮ್ಮವರ ಕೆಲಸ ಹೋಗಿದೆ, ಇಂಗ್ಲೆಂಡಿನ ಸ್ಲೌನಲ್ಲಿ 3 ಬೆಡ್‌ರೂಮಿನ ಮನೆ ನೋಡಿದ್ದೀರಿ, ಬಾಡಿಗೆ ಪೂರ್ತಿ ಸರ್ಕಾರ ಕೊಡುತ್ತಾ ಅಂತ. ಕೊಡಲ್ಲ ಕಣೇ. ಸಹಿ ಹಾಕುವ ಮುಂಚೆ ರೂಮು ಎಣಿಸು.

2017ರಲ್ಲಿ ನಿಮ್ಮ ದೊಡ್ಡಪ್ಪನ ಕೆಲಸ ಹೋಗಿದ್ದು ಎಲ್ಲರಿಗೂ ಗೊತ್ತಲ್ಲ. ಚರ್ಚ್ ಎದುರಿನ ಆ ಮನೆಗೆ ಹೋಗಿದ್ದು ಆಗಲೇ. ನಮಗೊಂದು, ಮಕ್ಕಳಿಗೊಂದು, ಊರಿಂದ ನಮ್ಮತ್ತೆ ಬಂದರೆ ಅವರಿಗೊಂದು ಅಂತ 3 ರೂಮು. ಬಾಡಿಗೆ ನೆರವಿನ ಬಗ್ಗೆ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಕಾಗದ ಬಂತು. ಅಡುಗೆಮನೆಯಲ್ಲಿ ನಿಂತೇ ಓದಿದೆ, ಒಲೆ ಮೇಲೆ ಸಾರು ಉಕ್ಕಿ ಹೋಯಿತು. 16 ತುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ರೂಮಂತೆ. ಬಂದು ಹೋಗುವ ಅತ್ತೆ ಲೆಕ್ಕಕ್ಕೇ ಇಲ್ಲ. 2 ರೂಮಿನ ದರವಷ್ಟೇ ಕೊಟ್ಟರು. ಆ ದರವಾದರೂ ಎಂಥದ್ದು? ಆ ಕಡೆಯ 100 ಬಾಡಿಗೆಗಳನ್ನು ಕಡಿಮೆಯದರಿಂದ ಶುರುಮಾಡಿ ಸಾಲಾಗಿ ಬರೆದರೆ 30ನೆಯದು. ಅದನ್ನೂ 2016ರಿಂದ 4 ವರ್ಷ ಏರಿಸದೆ ಹಾಗೇ ಇಟ್ಟಿದ್ದರು. ತಿಂಗಳಿಗೆ 240 ಪೌಂಡ್ ನಮ್ಮ ಕೈಯಿಂದ. ನನ್ನ ಎರಡು ಬಳೆ ಹೋದದ್ದು ಅಲ್ಲೇ. ನಿನಗೂ ಇಬ್ಬರು ಹೆಣ್ಣುಮಕ್ಕಳೇ ಅಲ್ವಾ, ಅದಕ್ಕೇ ಮತ್ತೆ ಹೇಳ್ತಿದ್ದೀನಿ, ಸಹಿ ಹಾಕುವ ಮುಂಚೆ ರೂಮು ಎಣಿಸು.

ಇಷ್ಟಾಗಿ ನಮ್ಮತ್ತೆ ಬಂದು ಇದ್ದದ್ದು 6 ವಾರ. ರೂಮು ತಣ್ಣಗಿದೆ ಅಂತ ಹಾಲ್‌ನಲ್ಲೇ ಮಲಗಿದರು! ಊರಿಗೆ ಹೋಗಿ ಸೊಸೆ ಹೀಟರ್ ಹಾಕಲ್ಲ ಅಂದರಂತೆ. ನನಗೆ ಬಂದು ಹೇಳಿದವರು ಈ ಗ್ರೂಪಿನಲ್ಲೇ ಇದ್ದಾರೆ, ಹೆಸರು ಬೇಡ. ಕೈಯಲ್ಲಿ ಬಳೆ ಎಲ್ಲಿ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ಯೂನಿವರ್ಸಲ್ ಕ್ರೆಡಿಟ್‌ಗೆ ಇವತ್ತೇ ಅರ್ಜಿ ಹಾಕು, ಸರ್ಕಾರ ಕೊಡುವ ನೆರವಿನ ದುಡ್ಡು ಅದು, ಬಾಡಿಗೆಯ ಪಾಲೂ ಅದರಲ್ಲೇ. ಹಾಕಿದ ದಿನದಿಂದ ಲೆಕ್ಕ, ಮೊದಲ ದುಡ್ಡು ಬರುವುದಕ್ಕೆ 5 ವಾರ. ಉಳಿತಾಯ 16,000 ಪೌಂಡ್ ದಾಟಿದ್ದರೆ ಸಿಗಲ್ಲ, ಕೆಲಸ ಹೋದಾಗ ಕಂಪನಿ ಕೊಟ್ಟ ದುಡ್ಡನ್ನೂ ಸೇರಿಸಿ ನೋಡು. ಸರ್ಕಾರದ ವೆಬ್‌ಸೈಟಿನಲ್ಲಿ ಆ ಮನೆಯ ಪೋಸ್ಟ್‌ಕೋಡ್ ಹಾಕಿದರೆ 2 ರೂಮಿನ ದರ ಕಾಣುತ್ತೆ. ಅದನ್ನು 2024ರ ಏಪ್ರಿಲ್‌ನಲ್ಲಿ ಏರಿಸಿದರು, 2025ರಲ್ಲಿ ಮುಟ್ಟಲಿಲ್ಲ. ಬಾಡಿಗೆ ಸುಮ್ನೆ ಕೂತಿರುತ್ತಾ? ವ್ಯತ್ಯಾಸ ಎಷ್ಟು ಅಂತ ಬರೆದಿಟ್ಟುಕೋ.

ನಿಮ್ಮಿಬ್ಬರಿಗೂ ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ, ಆಗಿದೆ, ಪರವಾಗಿಲ್ಲ. ನಿನ್ನ ಮೈದುನ ವರ್ಕ್ ವೀಸಾದಲ್ಲಿದ್ದಾನೆ, ಅಂಥವರು ಈ ನೆರವು ಕೇಳುವ ಹಾಗಿಲ್ಲ, ಇದನ್ನು ಕೇಳಿಕೊಂಡು ಅವನೂ ಅರ್ಜಿ ಹಾಕಿಬಿಟ್ಟಾನು, ವೀಸಾಕ್ಕೇ ತೊಂದರೆ. ಅವನಿಗೆ ಇವತ್ತೇ ಹೇಳು. ಸಂಜೆ 6ರ ಮೇಲೆ ಫೋನ್ ಮಾಡು, ದೊಡ್ಡಪ್ಪನೂ ಇರ್ತಾರೆ.